ಏಣಿಯಿಂದ ಬೆಂಚಿಗೆ

ಏಪ್ರಿಲ್ 10 ಎಂದರೆ ಕರ್ನಾಟಕದ ಪ್ರಾಥಮಿಕ ಶಾಲೆಗಳಲ್ಲಿ ಓದಿದವರಿಗೆಲ್ಲ ಗೊತ್ತಿರುವ ದಿನ. ಈಗ ಕೆಲವು ವರ್ಷ ಫಲಿತಾಂಶ ಒಂದೆರಡು ದಿನ ಹಿಂದುಮುಂದಾಗುವುದುಂಟು. ಆದರೂ ಹಳ್ಳಿಯ ಬಾಯಲ್ಲಿ ಅದು ಇನ್ನೂ ‘ಏಪ್ರಿಲ್ ಹತ್ತರ ಪಾಸು ಫೇಲು.’ ಹಿಂದೆ ಆ ದಿನ ನೋಟಿಸ್ ಬೋರ್ಡಿನ ಮುಂದೆ ನೂಕುನುಗ್ಗಲು. ಪಾಸಾದವರು ಪೆಪ್ಪರಮೆಂಟು ಹಂಚುತ್ತಿದ್ದರು. ಫೇಲಾದವರು ಊರ ಹಿಂದಿನ ದಾರಿ ಹಿಡಿದು ಮನೆ ಸೇರುತ್ತಿದ್ದರು.

ಈಗ ಆ ಭಯ ಬಹುಮಟ್ಟಿಗೆ ಇಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ, ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಮತ್ತೆ ಕೂರಿಸಬಾರದು ಎಂದಿತು. 2019ರಲ್ಲಿ ಆದ ತಿದ್ದುಪಡಿ 5 ಮತ್ತು 8ನೆಯ ತರಗತಿಗಳ ಕೊನೆಯಲ್ಲಿ ಪರೀಕ್ಷೆ ನಡೆಸಿ, ಬೇಕೆಂದರೆ ಉಳಿಸಿಕೊಳ್ಳುವ ಅವಕಾಶವನ್ನು ಸರ್ಕಾರಗಳಿಗೆ ಕೊಟ್ಟಿತು. ಅದಕ್ಕಿಂತ ಕೆಳಗಿನ ತರಗತಿಗಳಲ್ಲಿ ಫೇಲು ಎಂಬ ಮಾತೇ ಇಲ್ಲ. ಆದರೂ ಪ್ರತಿ ವರ್ಷ ಯಾರಾದರೊಬ್ಬ ತಂದೆ ನನ್ನ ಮೇಜಿನ ಮುಂದೆ ನಿಂತು, ದನಿ ತಗ್ಗಿಸಿ ಕೇಳುತ್ತಾರೆ: “ಮೇಡಂ, ನಮ್ಮ ಹುಡುಗ ಪಾಸಾದ್ನಾ?”

ಪಾಸಾಗಿದ್ದಾನೆ ಎನ್ನುವುದು ಸುಲಭ. ಆದರೆ ಆ ಹುಡುಗ ಮೂರನೆಯ ತರಗತಿಯಿಂದ ನಾಲ್ಕಕ್ಕೆ ಹೋಗುತ್ತಿದ್ದರೆ ಅಷ್ಟಕ್ಕೇ ಮಾತು ಮುಗಿಸಲು ನನಗೆ ಮನಸ್ಸು ಬರುವುದಿಲ್ಲ. ಒಂದನೆಯ ತರಗತಿಗೆ ಸೇರಿಸುವ ದಿನ ಅಪ್ಪ ಅಮ್ಮ ಇಬ್ಬರೂ ಬರುತ್ತಾರೆ. ಏಳು ಮುಗಿಸಿ ಹೈಸ್ಕೂಲಿಗೆ ಹೋಗುವಾಗ ನೆಂಟರಿಷ್ಟರ ಸಲಹೆಗಳೂ ಬರುತ್ತವೆ. ಮೂರರಿಂದ ನಾಲ್ಕಕ್ಕೆ ಹೋಗುವುದನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಅದೇ ಶಾಲೆ, ಅದೇ ಅಂಗಳ, ಅದೇ ಬಿಸಿಯೂಟ. ಬದಲಾಗುವುದು ಪಕ್ಕದ ಕೊಠಡಿಯೊಂದೇ ಎಂದು ನಮಗೆ ತೋರುತ್ತದೆ. ಮಗುವಿಗೆ ಹಾಗಲ್ಲ. ಇಪ್ಪತ್ತು ವರ್ಷಕ್ಕೂ ಮೀರಿ ಚಿಕ್ಕ ತರಗತಿಗಳಲ್ಲಿ ದುಡಿದ ಮೇಲೆ ನನಗೆ ಅನ್ನಿಸಿರುವುದು, ಪ್ರಾಥಮಿಕ ಶಾಲೆಯ ಅತ್ಯಂತ ಎತ್ತರದ ಮೆಟ್ಟಿಲು ಇದೇ ಎಂದು.

ಏಕೆಂದು ಹೇಳಬೇಕಾದರೆ ನಮ್ಮ ನಲಿ-ಕಲಿ ಕೊಠಡಿಯ ಒಳಗೆ ನಿಮ್ಮನ್ನು ಕರೆದೊಯ್ಯಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಶುರುವಾದ ಪದ್ಧತಿ ಇದು. ಆಂಧ್ರದ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ನಡೆಯುತ್ತಿದ್ದ ಕಲಿಕೆಯನ್ನು ನೋಡಿ ಬಂದ ಶಿಕ್ಷಕರೇ ಕೂತು ಇದರ ಕಾರ್ಡುಗಳನ್ನು ಬರೆದರು. 2009-10ರಲ್ಲಿ ಇದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ಹರಡಿತು. ನಮ್ಮ ಶಾಲೆಯಲ್ಲಿ ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ, ನೆಲದ ಮೇಲೆ ವೃತ್ತಾಕಾರವಾಗಿ ಗುಂಪು ಕಟ್ಟಿ ಕೂರುತ್ತಾರೆ. ಗೋಡೆಯ ಕೆಳಭಾಗದಲ್ಲಿ, ಮಕ್ಕಳ ಕೈಗೆಟಕುವಂತೆ ಕಪ್ಪುಹಲಗೆ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ. ಅದರಲ್ಲಿ ಅವರೇ ಬರೆದ ಚಿತ್ರಗಳು ತೂಗುತ್ತವೆ.

ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಒಂದೊಂದು ಮೆಟ್ಟಿಲಿಗೂ ಒಂದೊಂದು ಕಾರ್ಡು. ಮಗು ತನ್ನ ಮೆಟ್ಟಿಲು ಯಾವುದೆಂದು ತಾನೇ ನೋಡಿಕೊಂಡು, ಕಾರ್ಡು ತೆಗೆದುಕೊಂಡು, ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಒಂದು ಗುಂಪಿಗೆ ಶಿಕ್ಷಕಿಯ ನೆರವು ಪೂರ್ತಿ ಬೇಕು, ಇನ್ನೊಂದಕ್ಕೆ ಅರ್ಧ ಸಾಕು. ಮತ್ತೊಂದು ಗುಂಪಿನಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಕೊನೆಯ ಗುಂಪಿನವರು ತಮ್ಮಷ್ಟಕ್ಕೆ ತಾವು ಕಲಿಯುತ್ತಾರೆ. ಅಕ್ಷರಗಳು ಕೂಡ ‘ಅ ಆ ಇ ಈ’ ಸಾಲಿನಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಎಂದು ಶುರುವಾಗುತ್ತವೆ. ಬರೆಯಲು ಸುಲಭವಾದ, ಬೇಗ ಪದ ಕಟ್ಟಬಹುದಾದ ಅಕ್ಷರಗಳು ಮೊದಲು. ಐದು ಅಕ್ಷರ ಬಂದರೆ ‘ಸರ’, ‘ಗರಗಸ’, ‘ಅರಸ’ ಓದಬಹುದು. “ಇದೇನು ಮೇಡಂ, ಸಂಗೀತ ಹೇಳಿಕೊಡ್ತೀರಾ?” ಎಂದು ಅಜ್ಜನೊಬ್ಬರು ಕೇಳಿದ್ದುಂಟು. ಮೊಮ್ಮಗಳು ಮೂರು ತಿಂಗಳಿಗೇ ಬಸ್ಸಿನ ಬೋರ್ಡಿನಲ್ಲಿ ಊರ ಹೆಸರಿನ ಒಂದೊಂದು ಅಕ್ಷರ ಹೆಕ್ಕಿ ಹೇಳಿದಾಗ ಅವರ ಅನುಮಾನ ಹೋಯಿತು.

ಈ ಏಣಿಯ ದೊಡ್ಡ ಗುಣವೆಂದರೆ ಅದು ಕಾಯುತ್ತದೆ. ನಮ್ಮ ಊರು ಬಯಲುಸೀಮೆಯದು. ಮಳೆ ಕೈಕೊಟ್ಟ ವರ್ಷ ಕೆಲವು ಮನೆಯವರು ಕೂಲಿ ಹುಡುಕಿ ದೂರದ ಇಟ್ಟಿಗೆ ಗೂಡುಗಳಿಗೆ ಹೋಗುತ್ತಾರೆ. ಅಂಥ ಮನೆಯ ಹುಡುಗನೊಬ್ಬ ಸಂಕ್ರಾಂತಿ ಕಳೆದ ಮೇಲೆ ಕಾಣೆಯಾಗಿ ಯುಗಾದಿಯ ಹೊತ್ತಿಗೆ ಮರಳಿ ಬಂದ. ಬಂದವನೇ ಗೋಡೆಯ ಏಣಿಯ ಮುಂದೆ ನಿಂತು, ಬೆರಳಿಟ್ಟು ತನ್ನ ಮೆಟ್ಟಿಲು ಹುಡುಕಿದ. “ಮಿಸ್, ನಾನು ಇಲ್ಲಿದ್ದೆ” ಎಂದು ಕಾರ್ಡು ತೆಗೆದುಕೊಂಡು ಹೋಗಿ ಕೂತ. ‘ನೀನು ಹಿಂದೆ ಬಿದ್ದೆ’ ಎಂದು ಯಾರೂ ಹೇಳಬೇಕಾಗಲಿಲ್ಲ.

ನಾಲ್ಕನೆಯ ತರಗತಿಯಲ್ಲಿ ಈ ಏಣಿ ಇಲ್ಲ. ಅಲ್ಲಿ ಬೆಂಚು, ಎತ್ತರದ ಕಪ್ಪುಹಲಗೆ, ವೇಳಾಪಟ್ಟಿ. ಕನ್ನಡ, ಗಣಿತ, ಪರಿಸರ ಅಧ್ಯಯನ, ಇಂಗ್ಲಿಷ್ ಎಂದು ಬೇರೆ ಬೇರೆ ಪುಸ್ತಕ. ಪಾಠ ಎಲ್ಲರಿಗೂ ಒಂದೇ ದಿನ, ಒಂದೇ ಪುಟ. ಎರಡು ತಿಂಗಳು ಬಿಟ್ಟು ಬಂದರೆ ಪುಸ್ತಕ ಕಾದು ಕುಳಿತಿರುವುದಿಲ್ಲ. ಪಾಠ ಮುಂದೆ ಹೋಗಿರುತ್ತದೆ. ಮೂರು ವರ್ಷ ಒಬ್ಬರೇ ಶಿಕ್ಷಕಿಯ ಬಳಿ ಇದ್ದ ಮಗು ಹೊಸ ಶಿಕ್ಷಕರ ಮುಂದೆ ಕೂರುತ್ತದೆ.

ಇದಕ್ಕಿಂತ ದೊಡ್ಡದಾದ ಇನ್ನೊಂದು ಬದಲಾವಣೆ ಕಣ್ಣಿಗೆ ಕಾಣುವುದಿಲ್ಲ. ಮೂರನೆಯ ತರಗತಿಯವರೆಗೆ ಮಗು ಓದುವುದನ್ನು ಕಲಿಯುತ್ತದೆ. ನಾಲ್ಕರಿಂದ ಓದಿ ಕಲಿಯಬೇಕಾಗುತ್ತದೆ. ನೀರು, ಮಣ್ಣು, ಆಹಾರ ಎಲ್ಲದರ ವಿಷಯವೂ ಪುಸ್ತಕದ ವಾಕ್ಯಗಳಲ್ಲಿದೆ. ಗಣಿತ ಕೂಡ ವಾಕ್ಯದೊಳಗೆ ಅಡಗಿದೆ. ‘ಒಂದು ಪೆಟ್ಟಿಗೆಯಲ್ಲಿ 24 ಮಾವಿನಹಣ್ಣುಗಳಿವೆ. ಅಂಥ 6 ಪೆಟ್ಟಿಗೆಗಳಲ್ಲಿ ಎಷ್ಟು ಹಣ್ಣುಗಳಿರುತ್ತವೆ?’ ಎಂಬ ಲೆಕ್ಕವನ್ನು ಹುಡುಗನೊಬ್ಬನಿಗೆ ಕೊಟ್ಟೆ. ಅವನು 30 ಎಂದು ಬರೆದ. ಗುಣಾಕಾರ ಬಾರದೆ ಅಲ್ಲ. ಆರರ ಮಗ್ಗಿ ಅವನಿಗೆ ನೀರು ಕುಡಿದಷ್ಟು ಸುಲಭ. ವಾಕ್ಯ ಓದಲು ಕಷ್ಟವಾಗಿ ಎರಡು ಅಂಕಿಗಳನ್ನಷ್ಟೇ ನೋಡಿ ಕೂಡಿಬಿಟ್ಟಿದ್ದ. ಅದೇ ಲೆಕ್ಕವನ್ನು ಬಾಯಲ್ಲಿ ಹೇಳಿದಾಗ ಬೆರಳು ಮಡಚದೆ 144 ಎಂದ. ಇವನಿಗೆ ಪರೀಕ್ಷೆಯಲ್ಲಿ ಗಣಿತದಲ್ಲಿ ಕಡಿಮೆ ಬಂದರೆ ಮನೆಯವರು ಲೆಕ್ಕದ ಟ್ಯೂಷನ್ ಹುಡುಕುತ್ತಾರೆ. ಅವನಿಗೆ ಬೇಕಾಗಿರುವುದು ಕನ್ನಡ ಓದುವ ಅಭ್ಯಾಸ.

ಓದು ಬರುತ್ತದೆ ಎಂಬುದೂ ಎಷ್ಟೋ ಸಲ ಮೇಲ್ನೋಟದ ಮಾತು. ಚೆನ್ನಾಗಿ ಓದುವವಳೆಂದು ಹೆಸರಾದ ಹುಡುಗಿಯೊಬ್ಬಳಿದ್ದಳು. ಕಾರ್ಡು ಹಿಡಿದರೆ ತಡೆಯಿಲ್ಲದೆ ಓದುತ್ತಿದ್ದಳು. ಮಾರ್ಚ್ ತಿಂಗಳಲ್ಲಿ ನಾನು ಮೂರನೆಯ ತರಗತಿಯವರಿಗೆಲ್ಲ ಒಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ಅದಕ್ಕೆ ಪ್ರಶ್ನೆಪತ್ರಿಕೆ ಇಲ್ಲ. ಅವರು ಹಿಂದೆಂದೂ ನೋಡಿರದ ಒಂದು ಚೀಟಿ ಕೊಡುತ್ತೇನೆ. ಬೀಜದ ಪೊಟ್ಟಣವೋ, ಜಾತ್ರೆಯ ಕರಪತ್ರವೋ, ಪತ್ರಿಕೆಯ ಒಂದು ತುಣುಕೋ ಆಗಬಹುದು. ಅವಳಿಗೆ ಜಾತ್ರೆಯ ಕರಪತ್ರ ಬಂತು. ಮೊದಲ ಸಾಲಿಗೇ ನಿಂತಳು. ‘ಬ್ರಹ್ಮ’ ಎಂಬಲ್ಲಿ ಒತ್ತಕ್ಷರ ನೋಡಿ ಸುಮ್ಮನಾದಳು. ಕಾರ್ಡುಗಳು ಅವಳಿಗೆ ಬಾಯಿಪಾಠವಾಗಿದ್ದವು. ಅಕ್ಷರ ನೋಡಿ ಓದುವ ಅಗತ್ಯವೇ ಇರಲಿಲ್ಲ. ಮಾರ್ಚಿಯಲ್ಲಿ ಇದು ತಿಳಿದರೆ ಏಪ್ರಿಲ್‌ವರೆಗೆ ಮೂರು ವಾರ ಸಿಗುತ್ತದೆ. ದಿನಕ್ಕೊಂದು ಹೊಸ ಚೀಟಿ, ಹತ್ತು ಹೊಸ ಪದ. ಶಾಲೆ ಮುಗಿಯುವ ಹೊತ್ತಿಗೆ ಆ ಕರಪತ್ರವನ್ನು ಪೂರ್ತಿ ಓದಿ, “ಮಿಸ್, ಇದು ಹೋದ ತಿಂಗಳೇ ಆಗೋಯ್ತು, ಯಾಕೆ ಇಟ್ಕೊಂಡಿದ್ದೀರಿ?” ಎಂದು ಕೇಳಿದಳು. ಆ ಪ್ರಶ್ನೆ ಕೇಳಿದ ಮೇಲೆ ಅವಳಿಗೆ ಓದು ಬಂತೆಂದು ನನಗೆ ಧೈರ್ಯವಾಯಿತು.

ಹೀಗಾಗಿ ವರ್ಷದ ಕೊನೆಯ ವಾರಗಳಲ್ಲಿ ನಮ್ಮ ಕೊಠಡಿಯಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಒಂದು, ಬಿಚ್ಚುವ ಕೆಲಸ. ಚಪ್ಪರದ ದಾರ ಬಿಚ್ಚಿ ಚಿತ್ರಗಳನ್ನು ಅವರವರಿಗೆ ಹಂಚುತ್ತೇವೆ. ಕಾರ್ಡುಗಳನ್ನು ಎಣಿಸಿ, ಕಟ್ಟು ಕಟ್ಟಿ ಬೀರುವಿಗೆ ಇಡುತ್ತೇವೆ. ಪ್ರತಿ ವರ್ಷ ಐದಾರು ಕಾರ್ಡು ಕಡಿಮೆ ಇರುತ್ತವೆ. ಕೆಲವು ಯಾರದೋ ಮನೆಯಿಂದ ಅರಿಸಿನದ ಕಲೆಯೊಂದಿಗೆ ವಾಪಸು ಬರುತ್ತವೆ. ಹುಡುಗನೊಬ್ಬ ತನಗೆ ಇಷ್ಟವಾದ ಕಾರ್ಡನ್ನು ಚೀಲದ ತಳದಲ್ಲಿ ಎರಡು ತಿಂಗಳು ಇಟ್ಟುಕೊಂಡಿದ್ದ. ಕೇಳಿದರೆ, “ತಮ್ಮನಿಗೆ ಹೇಳಿಕೊಡೋಕೆ” ಎಂದ. ತಮ್ಮ ಇನ್ನೂ ಅಂಗನವಾಡಿಗೆ ಹೋಗುವವನು.

ಇನ್ನೊಂದು, ದಾಟಿಸುವ ಕೆಲಸ. ನಾಲ್ಕನೆಯ ತರಗತಿಯ ಶಿಕ್ಷಕಿ ಮತ್ತು ನಾನು ಮಾತಾಡಿಕೊಂಡು, ಮಾರ್ಚ್ ಕೊನೆಯ ವಾರ ದಿನಕ್ಕೊಂದು ಅವಧಿ ಮೂರನೆಯ ತರಗತಿಯವರನ್ನು ಅವರ ಕೊಠಡಿಗೆ ಕಳಿಸುತ್ತೇನೆ. ಈ ಸಲ ಹೋದವರು 11 ಮಂದಿ. ಮೊದಲ ದಿನ ಬೆಂಚಿನ ಮೇಲೆ ಕೂತು ಕಾಲು ಆಡಿಸುವುದರಲ್ಲೇ ಅರ್ಧ ಅವಧಿ ಮುಗಿಯಿತು. ಅರ್ಧದಷ್ಟು ಮಕ್ಕಳಿಗೆ ಕಾಲು ನೆಲಕ್ಕೆ ಎಟಕುವುದಿಲ್ಲ. ಎರಡನೆಯ ದಿನ ಹುಡುಗಿಯೊಬ್ಬಳು ಬಂದು ಕೇಳಿದಳು: “ಮಿಸ್, ಅಲ್ಲಿ ತಪ್ಪು ಮಾಡಿದ್ರೆ ಅದೇ ಕಾರ್ಡು ಇನ್ನೊಂದ್ಸಲ ಕೊಡ್ತಾರಾ?” ಆ ಶಿಕ್ಷಕಿಗೆ ನಾನು ಈ ಪ್ರಶ್ನೆ ತಿಳಿಸಿದೆ. ಮಾರನೆಯ ದಿನ ಅವರು ಮಕ್ಕಳಿಗೆ ಹೇಳಿದ್ದು ಇಷ್ಟೇ: “ಇಲ್ಲಿ ಕಾರ್ಡು ಇಲ್ಲ. ತಪ್ಪಾದರೆ ಕೈ ಎತ್ತಿ. ನಾನು ನಿಮ್ಮ ಹತ್ತಿರ ಬರುತ್ತೇನೆ.” 11 ಮುಖಗಳೂ ಸಡಿಲವಾದವು.

ಪ್ರಗತಿ ಪತ್ರದಲ್ಲಿ ನಾವು ಬರೆಯುವುದು ಎ+, ಎ, ಬಿ+, ಬಿ, ಸಿ ಎಂಬ ಶ್ರೇಣಿಗಳನ್ನು. ಅಂಕ ಶೇಕಡ 50ರಿಂದ 69ರ ನಡುವೆ ಇದ್ದರೆ ಬಿ+. ಒಂದೇ ತರಗತಿಯಲ್ಲಿ ನಾಲ್ಕು ಮಂದಿಗೆ ಬಿ+ ಬಂದರೂ ನಾಲ್ಕೂ ಬೇರೆ ಬೇರೆ ಮಕ್ಕಳು. ಅದಕ್ಕಾಗಿ ನಾನು ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರಿಗೂ ಅರ್ಧ ಪುಟ ಬರೆದು ನಾಲ್ಕನೆಯ ತರಗತಿಯ ಶಿಕ್ಷಕಿಗೆ ಕೊಡುತ್ತೇನೆ. ‘ಬಲಗಣ್ಣು ಮಂಜು, ಮುಂದಿನ ಬೆಂಚು ಬೇಕು. ಕನ್ನಡಕಕ್ಕೆ ತಾಯಿಗೆ ಹೇಳಿದೆ, ಇನ್ನೂ ಆಗಿಲ್ಲ.’ ‘ಎಡಗೈಯಲ್ಲಿ ಬರೆಯುತ್ತಾಳೆ, ಬೆಂಚಿನ ಎಡ ತುದಿಯಲ್ಲಿ ಕೂರಿಸಿ, ಇಲ್ಲವಾದರೆ ಪಕ್ಕದವಳ ಮೊಣಕೈ ತಾಗಿ ಜಗಳ.’ ‘ಬಾಯಿಲೆಕ್ಕದಲ್ಲಿ ಎಲ್ಲರಿಗಿಂತ ಮುಂದು, ವಾಕ್ಯ ಬಂದರೆ ನಿಲ್ಲುತ್ತಾನೆ.’ ‘ಮನೆಯಲ್ಲಿ ಅಜ್ಜಿ ಒಬ್ಬರೇ. ಸೋಮವಾರ ತಡವಾಗಿ ಬಂದರೆ ಬೈಯಬೇಡಿ, ಸಂತೆಯ ದಿನ.’ ಇದನ್ನು ಬರೆಯಬೇಕೆಂದು ಯಾವ ಇಲಾಖೆಯೂ ಕೇಳಿಲ್ಲ. ಆದರೆ ಜೂನ್ ತಿಂಗಳಲ್ಲಿ ಹೊಸ ಶಿಕ್ಷಕಿ ಇದನ್ನೆಲ್ಲ ತಾವೇ ಕಂಡುಕೊಳ್ಳುವ ಹೊತ್ತಿಗೆ ದಸರಾ ರಜೆ ಬಂದಿರುತ್ತದೆ. ಅಷ್ಟರಲ್ಲಿ ಮಗು ಹಿಂದಿನ ಬೆಂಚಿಗೆ ಸೇರಿರುತ್ತದೆ.

ಪಾಲಕರಲ್ಲಿ ಕೆಲವರು ಬೇರೆಯದೇ ಬೇಡಿಕೆ ಇಡುತ್ತಾರೆ. “ಇವನಿಗೆ ಓದು ಬರಲ್ಲ, ಇನ್ನೊಂದು ವರ್ಷ ಇಲ್ಲೇ ಕೂರಿಸಿ ಮೇಡಂ.” ಕಾಯಿದೆ ಒಪ್ಪುವುದಿಲ್ಲ ಎಂಬುದು ಸರಿ. ಆದರೆ ಕಾಯಿದೆಯ ಮಾತು ಬಿಟ್ಟೂ ನಾನು ಒಪ್ಪಲಾರೆ. ಹಳೆಯ ಕಾಲದಲ್ಲಿ ಫೇಲಾದ ಹುಡುಗರು ತಮ್ಮಂದಿರ ಜತೆ ಕೂತು ನಾಚಿ, ಮುಂದಿನ ವರ್ಷ ಕುರಿ ಹಿಂದೆ ಹೋದದ್ದನ್ನು ನಾವು ಕಂಡಿದ್ದೇವೆ. ಹಾಗೆಂದು ಸುಮ್ಮನೆ ಮುಂದೆ ತಳ್ಳಿಬಿಟ್ಟರೂ ಆಗಲಿಲ್ಲ. ಓದಲು ಬಾರದೆ ನಾಲ್ಕಕ್ಕೆ ಹೋದ ಮಗು ಎಲ್ಲ ವಿಷಯದಲ್ಲೂ ದಡ್ಡನೆನಿಸಿಕೊಳ್ಳುತ್ತದೆ. ಕೂರಿಸುವುದೂ ಅಲ್ಲ, ತಳ್ಳುವುದೂ ಅಲ್ಲ, ಕೈಹಿಡಿದು ದಾಟಿಸಬೇಕು. ಶಾಲೆ ಪುನಃ ಶುರುವಾದಾಗ ಸೇತುಬಂಧ ಎಂಬ ಕಾರ್ಯಕ್ರಮ ಇರುವುದು ಅದಕ್ಕೇ. ಹಿಂದಿನ ತರಗತಿಯಲ್ಲಿ ಕಲಿಯಬೇಕಿದ್ದುದನ್ನು ಪರೀಕ್ಷಿಸಿ, ಬಾರದಿದ್ದುದನ್ನು ಮತ್ತೆ ಹೇಳಿಕೊಟ್ಟು, ಆಮೇಲೆ ಹೊಸ ಪಾಠ. ಆದರೆ ಆ ಕೆಲವು ದಿನಗಳ ಸೇತುವೆ, ಸುಮಾರು ಏಳು ವಾರದ ರಜೆಯಲ್ಲಿ ಮರೆತದ್ದನ್ನೆಲ್ಲ ಹೊರಲಾರದು. ಆ ಏಳು ವಾರ ನಿಮ್ಮ ಕೈಯಲ್ಲಿದೆ.

ರಜೆಯಲ್ಲಿ ಏನು ಮಾಡಿಸಬೇಕು? ದಯವಿಟ್ಟು ಪುಟಗಟ್ಟಲೆ ಕಾಪಿ ಬರೆಸಬೇಡಿ. ಮಗು ಆಡಲಿ, ಹುಣಸೆ ಮರ ಹತ್ತಲಿ, ಅಜ್ಜಿಯ ಊರಿಗೆ ಹೋಗಲಿ. ದಿನಕ್ಕೆ ಕಾಲು ಗಂಟೆ ಮಾತ್ರ ಅದು ಹಿಂದೆ ನೋಡಿರದ ಏನನ್ನಾದರೂ ಓದಿಸಿ. ಮದುವೆಯ ಕರೆಯೋಲೆ, ಗೊಬ್ಬರದ ಚೀಲ, ಔಷಧಿಯ ಡಬ್ಬಿ, ಗೋಡೆಯ ಕ್ಯಾಲೆಂಡರು, ಬಸ್ಸಿನ ಬೋರ್ಡು, ಈ ಪುರವಣಿ, ಏನಾದರೂ ಸರಿ. “ನಮಗೇ ಓದು ಬರಲ್ಲ ಮೇಡಂ” ಎನ್ನುವ ತಾಯಂದಿರಿಗೆ ನಾನು ಹೇಳುವುದು: ಅದು ತೊಂದರೆಯೇ ಅಲ್ಲ. ಮಗು ಓದಲಿ, ಆಮೇಲೆ “ಅದರಲ್ಲಿ ಏನಂತ ಬರೆದಿದೆ?” ಎಂದು ಕೇಳಿ. ಮದುವೆ ಯಾರದು, ಯಾವ ದಿನ, ಯಾವ ಊರಲ್ಲಿ ಎಂದು ಮಗು ತನ್ನ ಮಾತಿನಲ್ಲಿ ಹೇಳಿದರೆ ಅದು ನಿಜವಾಗಿ ಓದಿದೆ. ಬರೀ ಅಕ್ಷರ ಒದರಿ ಸುಮ್ಮನಾದರೆ ಇನ್ನೂ ಓದಿಲ್ಲ. ಈ ಪರೀಕ್ಷೆ ಮಾಡಲು ಅಕ್ಷರಸ್ಥರೇ ಆಗಬೇಕಿಲ್ಲ.

ಲೆಕ್ಕಕ್ಕೂ ಪುಸ್ತಕ ಬೇಡ. ಸಂತೆಗೆ ಜತೆಯಲ್ಲಿ ಕರೆದೊಯ್ಯಿರಿ. ನೂರು ರೂಪಾಯಿ ಕೊಟ್ಟು ತರಕಾರಿ ಕೊಳ್ಳಲು ಬಿಡಿ. ಚಿಲ್ಲರೆ ಎಷ್ಟು ಬರಬೇಕೆಂದು ಅದೇ ಹೇಳಲಿ. ಮನೆಗೆ ಬಂದ ಮೇಲೆ ಯಾವುದಕ್ಕೆ ಎಷ್ಟಾಯಿತೆಂದು ಎರಡು ವಾಕ್ಯ ಬರೆಯಲಿ. ಲೆಕ್ಕ ವಾಕ್ಯದೊಳಗೆ ಇರುತ್ತದೆ ಎಂಬುದು ಹಾಗೆ ರೂಢಿಯಾಗುತ್ತದೆ.

ಮೂರನೆಯದು ಮುಗಿಯಿತೆಂದು ಪಟ್ಟಣದ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಲು ವರ್ಗಾವಣೆ ಪತ್ರ ಕೇಳಿಕೊಂಡು ಬರುವವರೂ ಇದ್ದಾರೆ. ಕೇಳಿದವರಿಗೆ ಪತ್ರ ಕೊಡುವುದು ಶಾಲೆಯ ಕರ್ತವ್ಯ. ಎಲ್ಲಿ ಓದಿಸಬೇಕೆಂಬುದು ನಿಮ್ಮ ತೀರ್ಮಾನ. ಮಗನಿಗೆ ಒಳ್ಳೆಯ ಇಂಗ್ಲಿಷ್ ಬರಲೆಂಬ ಆಸೆಯಲ್ಲಿ ತಪ್ಪೇನೂ ಇಲ್ಲ. ಒಂದು ಮಾತು ಮಾತ್ರ ಯೋಚಿಸಿ. ಓದಿ ಕಲಿಯುವ ಹೊಸ ಹೊರೆ ತಲೆಗೆ ಬರುವ ವರ್ಷವೇ ಆ ಓದಿನ ಭಾಷೆಯನ್ನೂ ಬದಲಾಯಿಸಿದರೆ, ಮಗು ಎರಡು ಮೆಟ್ಟಿಲನ್ನು ಒಂದೇ ಹೆಜ್ಜೆಯಲ್ಲಿ ಹತ್ತಬೇಕಾಗುತ್ತದೆ. ಕಳಿಸುವುದೇ ಆದರೆ, ಮೊದಲು ಕನ್ನಡದಲ್ಲಿ ಹೊಸ ಪುಟವೊಂದನ್ನು ತಾನಾಗಿ ಓದಿ ಅರ್ಥ ಹೇಳುವಷ್ಟು ಬಲ ಬಂದಿದೆಯೇ ನೋಡಿ. ಒಂದು ಭಾಷೆಯಲ್ಲಿ ಗಟ್ಟಿಯಾಗಿ ಓದಬಲ್ಲ ಮಗುವಿಗೆ ಎರಡನೆಯ ಭಾಷೆ ಅಷ್ಟು ಭಾರವಾಗುವುದಿಲ್ಲ.

ಇನ್ನು ನಾಲ್ಕನೆಯ ತರಗತಿಗೆ ಕಾಲಿಡುತ್ತಿರುವ ಮಕ್ಕಳೇ, ನಿಮಗೊಂದು ಮಾತು. ಅಲ್ಲಿ ಏಣಿ ಗೋಡೆಯ ಮೇಲೆ ಇರುವುದಿಲ್ಲ, ನಿಜ. ನೀವೇ ಒಂದು ಪುಟ್ಟ ಪುಸ್ತಕದಲ್ಲಿ ನಿಮ್ಮ ಏಣಿ ಬರೆದುಕೊಳ್ಳಿ. ಇಂದು ಯಾವ ಪಾಠ ಆಯಿತು, ಅದರಲ್ಲಿ ಯಾವುದು ತಿಳಿಯಲಿಲ್ಲ, ಎರಡೇ ಸಾಲು. ತಿಳಿಯದ್ದನ್ನು ಮಾರನೆಯ ದಿನ ಕೈ ಎತ್ತಿ ಕೇಳಿ. ಕೇಳಲು ನಾಚಿಕೆಯಾದರೆ ಪಕ್ಕದ ಗೆಳೆಯನನ್ನು ಕೇಳಿ. ಮೂರು ವರ್ಷ ನೀವು ಒಬ್ಬರಿಗೊಬ್ಬರು ಹೇಳಿಕೊಟ್ಟೇ ಕಲಿತವರಲ್ಲವೇ? ಬೆಂಚಿನ ಮೇಲೆ ಕೂತ ಮಾತ್ರಕ್ಕೆ ಅದು ನಿಂತುಹೋಗಬೇಕಾಗಿಲ್ಲ.

ಪಾಲಕರಿಗೆ ಇನ್ನೊಂದೇ ಕೋರಿಕೆ. ಮೇ ಕೊನೆಗೆ ಶಾಲೆ ಶುರುವಾಗುತ್ತದೆ. ಹೊಸ ಚೀಲ, ಹೊಸ ಸಮವಸ್ತ್ರದ ಸಂಭ್ರಮವೆಲ್ಲ ಒಂದು ವಾರಕ್ಕೆ ಇಳಿಯುತ್ತದೆ. ಆಗ ಒಂದು ಸಂಜೆ ಮಗುವನ್ನು ಕೂರಿಸಿಕೊಂಡು, “ಎಷ್ಟು ಅಂಕ?” ಎಂದಲ್ಲ, “ಹೊಸ ಮಿಸ್ಸಿಗೆ ನಿನ್ನ ಹೆಸರು ಗೊತ್ತಾಯಿತಾ? ಎಲ್ಲಿ ಕೂರಿಸಿದ್ದಾರೆ? ಬೋರ್ಡು ಕಾಣುತ್ತದಾ?” ಎಂದು ಕೇಳಿ. ಉತ್ತರ ಸರಿಯಿಲ್ಲ ಎನ್ನಿಸಿದರೆ ಮಾರನೆಯ ದಿನವೇ ಶಾಲೆಗೆ ಬನ್ನಿ. ಕೂಲಿ ತಪ್ಪುತ್ತದೆ ಎಂದಾದರೆ ಬೆಳಗಿನ ಪ್ರಾರ್ಥನೆಗೆ ಮೊದಲೇ ಬನ್ನಿ; ಹತ್ತು ನಿಮಿಷ ಸಾಕು. ನಿಮ್ಮ ಮಗುವಿನ ಬಗ್ಗೆ ನಿಮಗೆ ಗೊತ್ತಿರುವ ಒಂದೆರಡು ಸಂಗತಿಗಳನ್ನು ಹೊಸ ಶಿಕ್ಷಕರಿಗೆ ಹೇಳಿ ಹೋಗಿ. ಮೊದಲ ಪರೀಕ್ಷೆಗೆ ಇನ್ನೂ ಸಮಯವಿರುತ್ತದೆ. ಬೆಂಚು ಬದಲಾಯಿಸುವುದಕ್ಕೂ, ಬಿಟ್ಟುಹೋದ ಒತ್ತಕ್ಷರ ಕಲಿಸುವುದಕ್ಕೂ ಅದು ಸಾಕು.